ಮೂವತ್ತು ದಿನದ ನೋಟೀಸು

ಓಸ್ತ್ರಾವಾ ಟ್ರಾಮ್ ಡಿಪೋದ ರಾತ್ರಿಪಾಳಿ ಮುಗಿಸಿ
ಕ್ವೇತಾ ಮನೆಗೆ ಬಂದಾಗ ಬೆಳಗಿನ ಐದೂಮುಕ್ಕಾಲು.
ಒದ್ದೆ ಕೈಗವಸು ಬಿಚ್ಚಿ
ಕಂಪ್ಯೂಟರಿನ ಬೆನ್ನಿಗೆ, ಬಿಸಿಗಾಳಿ ಉಗುಳುವ ಕಿಂಡಿಗೆ ಒಡ್ಡುತ್ತಾಳೆ.
ಹೋಗುವಾಗ ಒಲೆಗಿಟ್ಟು ಹೋದ ಬ್ರೌಸರು
ಇನ್ನೂ ಕಂಪೈಲ್ ಆಗುತ್ತಲೇ ಇದೆ,
ಇಪ್ಪತ್ತೊಂದು ಸಾವಿರ ಕಡತಗಳಲ್ಲಿ ಹದಿನೆಂಟು ಸಾವಿರ ಬೆಂದಿವೆ.
ಫ್ಯಾನಿಗೆ ಏದುಸಿರು.

ಅಕ್ಕ ಝ್ದೇನಾ ಒಮ್ಮೆ ಕೇಳಿದ್ದಳು:
ಎಲ್ಲರೂ ಡಬ್ಬಿ ತಂದು ಬಿಚ್ಚಿ ಉಣ್ಣುವಾಗ
ನಿಮ್ಮ ಪಂಗಡಕ್ಕೆ ಯಾಕೆ ಈ ಬೀಸುವ ರುಬ್ಬುವ ಗೀಳು?
ಒಳ್ಳೆಯ ಉತ್ತರ ಇವಳ ಬಳಿ ಇರಲಿಲ್ಲ.
ನಾವು ಊಟ ಕಳಿಸುವುದಿಲ್ಲ, ಅಂದಳು,
ಎಷ್ಟು ನೀರು, ಎಷ್ಟು ಹೊತ್ತು, ಯಾವುದಕ್ಕೆ ಮುಂಚೆ ಯಾವುದು
ಅಂತ ಒಂದು ಚೀಟಿ ಬರೆದಿಡುತ್ತೇವೆ.
ಒಲೆ ಅವರವರದು. ಉಪ್ಪೂ ಅವರವರದೇ.
ಝ್ದೇನಾ ಬಟ್ಟಲು ಒರೆಸುತ್ತ
"ಸಂಬಳ?" ಅಂದಳು.

ಇಂಥ ಚೀಟಿ ಇವಳ ಹೆಸರಲ್ಲಿ ನಲವತ್ತಮೂರು.
ವಾರಸುದಾರರಿಲ್ಲದವು ರಾಶಿ ಬಿದ್ದಿವೆ.
ಅದರಲ್ಲೊಂದು, ಹೆಣಿಗೆ ಯಂತ್ರಕ್ಕೆ
ವಿನ್ಯಾಸ ಹೇಳಿಕೊಡುವ ಪುಟ್ಟ ಪ್ರೋಗ್ರಾಮು.
ಬರೆದವನ ವಿಳಾಸ ಸತ್ತು ಹನ್ನೊಂದು ವರ್ಷ,
ಬರೆದವನು ಏನಾದನೋ.
ಹೊಸ ಕಂಪೈಲರ್ ಬಂದಂದಿನಿಂದ ಹೊಸಿಲಲ್ಲೇ ಮುಗ್ಗರಿಸುತ್ತಿತ್ತು.
ನಿಯಮದಂತೆ ನೋಟೀಸು ಅಂಟಿಸಿದ್ದಳು:
ಕೇಳುವವರಿಲ್ಲ. ಮೂವತ್ತು ದಿನ. ಆಮೇಲೆ ತೆಗೆಯಲಾಗುವುದು.
ಅವರ ಮಂದಿ ಇದನ್ನು ಅಂತ್ಯಕ್ರಿಯೆ ಎಂದೇ ಕರೆಯುತ್ತಾರೆ;
ಯಾರೂ ಅಳುವುದಿಲ್ಲ.

ಇಪ್ಪತ್ತಾರನೆಯ ದಿನ ಕಾಗದ ಬಂತು.
ಫಾರೋ ದ್ವೀಪದ ಕ್ಲಾಕ್ಸ್‌ವೀಕಿನಿಂದ, ಯಾಕುಪ್ ಎಂಬಾತ:
"ನಾವು ಮೂವರು. ಒಂದು ಯಂತ್ರ, ಅದಕ್ಕೊಂದು ಹಳೇ ಕೇಬಲ್ಲು.
ದೋಣಿಯವರ ಸ್ವೆಟರು ಇದರಲ್ಲೇ ಹೆಣೆಯುವುದು.
ನನಗೆ ಉಣ್ಣೆ ಗೊತ್ತು, ಸಿ ಭಾಷೆ ಗೊತ್ತಿಲ್ಲ.
ಇನ್ನೂ ನಾಲ್ಕು ದಿನ ಇದೆ ಅಲ್ಲವೇ?"

ಕ್ವೇತಾ ಮೊದಲು ಬೈದಳು.
ಆಮೇಲೆ ಚಹಾಕ್ಕಿಟ್ಟು ಕಡತ ತೆರೆದಳು.

ಹಳೆಯ ಕಂಪೈಲರ್ ಧಾರಾಳಿ.
ಹೆಸರು ಹೇಳದೆ ಒಳನುಗ್ಗಿದ ಫಂಕ್ಷನ್ನನ್ನೂ
ಯಾರೋ ನಮ್ಮ ಪೈಕಿಯೇ ಇರಬೇಕು ಅಂತ
ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಿತ್ತು.
ಹೊಸದು ಬಾಗಿಲಲ್ಲೇ ತಡೆದು ಕೇಳುತ್ತದೆ,
ನೀನು ಯಾರ ಕಡೆಯವನು?
ಬೇಕಾದದ್ದು ಮೇಲೊಂದು ಸಾಲು ಪರಿಚಯ,
ಎಣಿಸಿದರೆ ಹತ್ತೊಂಬತ್ತು ಅಕ್ಷರ, ನಡುವಿನ ಖಾಲಿಯೂ ಸೇರಿ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೆಳಗೆ ಕೆಳಗೆ ಓದುತ್ತ ಹೋದಳು.
ಮುನ್ನೂರ ಹನ್ನೆರಡನೆಯ ಸಾಲಲ್ಲಿ ಬರೆದವನ ಟಿಪ್ಪಣಿ:
ತೇವದ ದಿನ ಸೂಜಿ ಅಂಟುತ್ತದೆ.
ನಲವತ್ತು ಮಿಲಿಸೆಕೆಂಡು ತಾಳು.
ಓ, ಇವನೂ ಯಾವುದೋ ಒದ್ದೆ ಊರಿನವನು,
ಯಂತ್ರದ ಪಕ್ಕ ಕೂತು ಬೆರಳಿಟ್ಟು ನೋಡಿದವನು.

ಅವಳ ಮನೆಯಲ್ಲಿ ಹೆಣಿಗೆ ಯಂತ್ರವಿಲ್ಲ.
ಕಟ್ಟಿತು, ತಕರಾರಿಲ್ಲದೆ ಕಟ್ಟಿತು;
ಹೆಣೆಯುತ್ತದೋ ಇಲ್ಲವೋ ಹೇಳಬೇಕಾದವರು ಕಡಲಾಚೆ.
ನೋಟೀಸು ಕಿತ್ತು
ಚೀಟಿಯಲ್ಲೊಂದು ಅಲೆಗೆರೆ ಎಳೆದಳು.
ಪೂರ್ತಿ ನಂಬಬೇಡಿ, ಇನ್ನೂ ಪರೀಕ್ಷೆಯಲ್ಲಿದೆ ಎಂದು ಅದರ ಅರ್ಥ.
ಯಾರೂ ದೂರದೆ ಮೂವತ್ತು ದಿನ ಕಳೆದರೆ ಅಳಿಸಬಹುದು.
ಸಾಯಲೂ ಮೂವತ್ತು, ಸಲ್ಲಲೂ ಮೂವತ್ತು,
ಈ ಲೆಕ್ಕ ಯಾರು ಹಾಕಿದರೋ.

ವಾರಸುದಾರರು ಎಂಬಲ್ಲಿ "ಯಾರೂ ಇಲ್ಲ" ಅಂತಿತ್ತು.
ಅದನ್ನೇ ಸ್ವಲ್ಪ ಹೊತ್ತು ನೋಡಿದಳು.
ನಲವತ್ತನಾಲ್ಕು ಅಂದರೆ
ಝ್ದೇನಾ ಏನನ್ನುತ್ತಾಳೆ ಗೊತ್ತು.

ಅಲೆಗೆರೆಗೆ ಇವತ್ತು ಇಪ್ಪತ್ತೆರಡನೆಯ ದಿನ.
ಕ್ಲಾಕ್ಸ್‌ವೀಕಿನಿಂದ ಮಾತಿಲ್ಲ.
ಮೌನ ಸಮ್ಮತಿ ಎನ್ನುವುದಾದರೆ ಸರಿ,
ಇಲ್ಲ, ಯಾಕುಪನ ಕೇಬಲ್ಲೇ ಕಿತ್ತುಹೋಗಿದ್ದರೆ?
ಬ್ರೌಸರು ಕೊನೆಯ ಕಡತದಲ್ಲಿ ಎಡವಿ ನಿಂತಿದೆ,
ಫ್ಯಾನು ತಣ್ಣಗಾಗುತ್ತಿದೆ.
ಕೈಗವಸು ಮುಟ್ಟಿ ನೋಡುತ್ತಾಳೆ:
ಹೆಬ್ಬೆರಳ ಸಂದಿ ಇನ್ನೂ ಹಸಿ.